ಚೈನ್ ಗರಗಸಕ್ಕೆ ಸಾಣೆ ಹಿಡಿಯುವುದೋ, ಅರ ಹೊಡೆಯುವುದೋ?

ನಮಸ್ಕಾರ. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡುವಾಗ ದಪ್ಪ ಕೊಂಬೆಗೆ, ಬಿದ್ದ ಸಿಲ್ವರ್ ಮರಕ್ಕೆ ಈಗ ಚೈನ್ ಗರಗಸವೇ ಆಗಬೇಕು. ಅದರ ಚೈನನ್ನು ಮನೆಯಲ್ಲೇ ಕೈಯಿಂದ ಹರಿತ ಮಾಡಿಕೊಳ್ಳುವ ಕ್ರಮವನ್ನು, ಹೊಸದಾಗಿ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಯಾವ ಮಾತು ಸರಿ ಅನ್ನೋದು ಮೊದಲ ಪ್ರಶ್ನೆ.

ಹೆಚ್ಚಿನವರು 'ಸಾಣೆ ಹಿಡಿಯೋದು' ಅಂತಾರೆ. ಆದರೆ ಸಾಣೆ ಅಂದರೆ ತಿರುಗುವ ಚಕ್ರ ಅಥವಾ ಕಲ್ಲು, ಅಲ್ವಾ? ಅಲಗನ್ನು ಅದಕ್ಕೆ ಒಡ್ಡಿ ಹಿಡಿಯುತ್ತೇವೆ, ಅದಕ್ಕೇ 'ಹಿಡಿ' ಎಂಬ ಮಾತು. ಅಂಗಡಿಯ ಗ್ರೈಂಡರ್‌ಗೆ ಚೈನ್ ಕೊಟ್ಟರೆ ಸಾಣೆ ಅನ್ನಬಹುದು. ಕೈಯಿಂದ ಮಾಡುವಾಗ ಚೈನ್ ಅಲ್ಲಾಡದೆ ನಿಂತಿರುತ್ತದೆ, ಸರಿದಾಡುವುದು ಉಪಕರಣ. 'ಮಸೆಯೋದು' ಕತ್ತಿಗೆ, ಮಚ್ಚಿಗೆ ಚೆನ್ನಾಗಿ ಒಪ್ಪುತ್ತದೆ, ಮಸೆಗಲ್ಲು ಎಲ್ಲರ ಮನೆಯಲ್ಲೂ ಇರುವಂಥದ್ದೇ. ಆದರೆ 'ಚೈನಿನ ಹಲ್ಲು ಮಸೆಯಿರಿ' ಎಂದು ಬರೆದರೆ ಓದುವವರ ತಲೆಗೆ ಹಗೆಯೇ ಮೊದಲು ಬರುತ್ತದೆ. 'ಚೂಪು ಮಾಡು' ನನಗೆ ಒಗ್ಗುವುದಿಲ್ಲ, ಚೂಪು ಎನ್ನುವುದು ಮೊನೆಗೆ, ಹರಿತ ಎನ್ನುವುದು ಅಲಗಿಗೆ. ಕುಡುಗೋಲಿಗೆ 'ಕಕ್ಕು ಹಾಕಿಸೋದು' ಅನ್ನೋ ಒಳ್ಳೆಯ ಮಾತಿದೆ, ಕಕ್ಕು ಎಂದರೆ ಕುಡುಗೋಲು ಗರಗಸಗಳ ಕಚ್ಚುಕಚ್ಚಾದ ಬಾಯಿ. ಅಲ್ಲಿ ಸವೆದ ಬಾಯಿಗೆ ಹೊಸದಾಗಿ ಕಚ್ಚು ಹೊಡೆಯುತ್ತಾರೆ. ಚೈನಿನಲ್ಲಿ ಹಲ್ಲು ಆಗಲೇ ಇರುತ್ತದೆ, ಅಲಗು ಮಾತ್ರ ಮೊಂಡಾಗಿರುತ್ತದೆ.

ಉಳಿದದ್ದು ಅರ, ಅಂದರೆ ಲೋಹವನ್ನು ಉಜ್ಜಿ ಸವೆಸುವ ಒರಟು ಮೈಯ ಉಕ್ಕಿನ ಉಪಕರಣ, ಇಂಗ್ಲಿಷಿನ 'ಫೈಲ್'. ತಮಿಳು, ಮಲಯಾಳಂಗಳಲ್ಲಿ 'ಅರಂ' ಆಗಿರುವ ಹಳೆಯ ಪದ. ಕೆಲಸವನ್ನು ಹತ್ತಿರದಿಂದ ನೋಡಿದರೆ ಇದೇ ಸರಿ ಅನ್ನಿಸುತ್ತದೆ. ಬಾರನ್ನು (ಚೈನ್ ಸುತ್ತುವ ಉದ್ದನೆಯ ಪಟ್ಟಿ) ವೈಸ್‌ನಲ್ಲಿ ಕಚ್ಚಿಸಿ, ಪ್ಲಗ್ ಕ್ಯಾಪ್ ಕಿತ್ತು, ಗ್ಲೌಸ್ ಹಾಕಿಕೊಂಡು ಕೂತ ಮೇಲೆ ಕೈಯಲ್ಲಿರುವುದು ದುಂಡು ಅರ. ಚೈನಿನ ಅಳತೆಗೆ ತಕ್ಕ ಹಾಗೆ ಅದು 4 ಮಿಲಿಮೀಟರ್, 4.8 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತದೆ. ಹಲ್ಲಿನ ಒಳಮಗ್ಗುಲಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ ತಳ್ಳಬೇಕು, ವಾಪಸ್ ತರುವಾಗ ಎತ್ತಿಕೊಂಡೇ ತರಬೇಕು, ಎಳೆದಾಡಿದರೆ ಅರವೇ ಹಾಳು. ಸಾಮಾನ್ಯವಾಗಿ 30 ಡಿಗ್ರಿ ಓರೆ, ಅರದ ದಪ್ಪದ ಐದನೇ ಒಂದು ಪಾಲು ಹಲ್ಲಿನ ನೆತ್ತಿಗಿಂತ ಮೇಲೆ. ಹಲ್ಲುಗಳು ಒಂದು ಎಡಕ್ಕೆ ಒಂದು ಬಲಕ್ಕೆ ಇರುವುದರಿಂದ ಒಂದು ಮಗ್ಗುಲಿನವನ್ನು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗುತ್ತಾರೆ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ. ಒಂದು ಮಗ್ಗುಲಿನವು ಗಿಡ್ಡವಾದರೆ ಕೊಯ್ತ ಒಂದು ಕಡೆಗೆ ವಾಲುತ್ತದೆ. ಇಷ್ಟರಲ್ಲಿ ಸಾಣೆಯೂ ಇಲ್ಲ, ಮಸೆಗಲ್ಲೂ ಇಲ್ಲ. ಹಾಗಾಗಿ 'ಅರ ಹೊಡೆಯಿರಿ' ಎಂದೇ ಬರೆದಿದ್ದೇನೆ. 'ಅರ ಹಾಕು', 'ಅರ ಉಜ್ಜು' ಅಂತಲೂ ಹೇಳಬಹುದು, ನಿಮ್ಮ ಕಿವಿಗೆ ಯಾವುದು ಹಿತ?

ಎರಡನೇ ಪ್ರಶ್ನೆ ಇನ್ನೂ ಮುಖ್ಯ, ಚೈನಿನ ಒಂದು ಭಾಗಕ್ಕೆ ಕನ್ನಡದಲ್ಲಿ ಯಾವ ಹೆಸರು ಅನ್ನೋದು. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ, ಹಲ್ಲು ಮರಕ್ಕೆ ಎಷ್ಟು ಆಳ ಇಳಿಯಬೇಕು ಅನ್ನೋದನ್ನು ಅದು ತೀರ್ಮಾನಿಸುತ್ತದೆ. ಮಿಷನ್ ಜೊತೆ ಬರುವ ಪುಸ್ತಕದಲ್ಲಿ ಅದು 'ಡೆಪ್ತ್ ಗೇಜ್', ಬಾಯಿಮಾತಲ್ಲಿ 'ರೇಕರ್'. ಹೆಚ್ಚಿನ ಚೈನ್‌ಗಳಲ್ಲಿ ಅದು ಹಲ್ಲಿನ ನೆತ್ತಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಅರ ಹೊಡೆದಷ್ಟೂ ಹಲ್ಲು ತಗ್ಗುತ್ತದೆ, ಉಬ್ಬು ಇದ್ದಲ್ಲೇ ಇರುತ್ತದೆ, ಆಗ ಹಲ್ಲು ಎಷ್ಟೇ ಹರಿತವಿದ್ದರೂ ಚಕ್ಕೆ ಬರುವ ಬದಲು ಬರೀ ಪುಡಿ ಬರುತ್ತದೆ. ಅದಕ್ಕೇ ಕೆಲವು ಸಲಕ್ಕೊಮ್ಮೆ ಅಳೆದು ನೋಡಿ ಚಪ್ಪಟೆ ಅರದಿಂದ ತಗ್ಗಿಸಬೇಕು. ಜಾಸ್ತಿ ತಗ್ಗಿಸಿದರೆ ಚೈನ್ ಮರವನ್ನು ಗಬಕ್ಕನೆ ಕಚ್ಚಿ ಮಿಷನ್ ಒದೆಯುತ್ತದೆ, ಪ್ರಾಣಕ್ಕೇ ಅಪಾಯ.

ಗೆಳೆಯರೊಬ್ಬರು ಈ ಉಬ್ಬಿಗೆ 'ತಡೆಹಲ್ಲು' ಎಂಬ ಪದ ಸೂಚಿಸಿದರು. ಕೇಳಲು ಚೆಂದ, ಆದರೆ ನಾನು ಒಪ್ಪಲಿಲ್ಲ. ಹಲ್ಲು ಎಂದು ಕರೆದ ಮೇಲೆ, 'ಎಲ್ಲಾ ಹಲ್ಲಿಗೂ ಅರ ಹೊಡಿ' ಅಂದಾಗ ಹೊಸಬ ಹುಡುಗ ಅದಕ್ಕೂ ಹೊಡೆದುಬಿಡುತ್ತಾನೆ. 'ಗುಬಟು' ಎಂಬ ಪದ ನಮ್ಮಲ್ಲೇ ಇದೆ, ನೋಡಿದ ಕೂಡಲೇ ಅರ್ಥವಾಗುತ್ತದೆ. 'ತಡೆಗುಬಟು' ಎಂದರೆ ಅದು ಏನು ಮಾಡುತ್ತದೆ ಅನ್ನೋದೂ ಹೆಸರಲ್ಲೇ ಬರುತ್ತದೆ.

ಸಕಲೇಶಪುರ, ಆಲೂರು, ಕೊಪ್ಪ ಕಡೆಯವರು, ಅದರಲ್ಲೂ ಮರಗೆಲಸದ ಮನೆಗಳವರು, ಕೈಗರಗಸಕ್ಕೆ ಅರ ಹೊಡೆಯುವಾಗ ಬಳಸುವ ಮಾತುಗಳನ್ನು ಹಾಗೆ ಹಾಗೇ ಬರೆದು ಕಳಿಸಿ. ಹಲ್ಲಿನ ನೆತ್ತಿಗೆ, ಪಕ್ಕದ ಮೈಗೆ ಬೇರೆ ಬೇರೆ ಹೆಸರಿದ್ದರೆ ಅವೂ ಬೇಕು. ಮರಗಸಿ ಶುರುವಾಗುವುದರೊಳಗೆ ಬರಹ ಮುಗಿಸಿ ಹುಡುಗರ ಕೈಗೆ ಕೊಡಬೇಕು.