ಹೊಸದೊಂದು ಅಪರಾಧ ಅಂತ ಕಾನೂನು ಮಾಡಿದರೆ ಅದರ ಬಿಲ್ಲು ಯಾರಿಗೆ ಬರುತ್ತದೆ?

ವಾಕಡ್_ಕನ್ನಡಿಗ:
ಪುಣೆಯಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೆಳಗ್ಗೆ ಹಿಂಜವಡಿ ಕಡೆ ಹೊರಟರೆ ಎದುರಿಗೆ ರಾಂಗ್ ಸೈಡಲ್ಲಿ ನುಗ್ಗುವ ಬೈಕುಗಳೇ ಜಾಸ್ತಿ. ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಲ್ಲಿ ಈಗ ಒಂದು ಅರ್ಜಿ ಓಡಾಡುತ್ತಿದೆ. ದಂಡ ಸಾಲದು, ರಾಂಗ್ ಸೈಡನ್ನು ಬೇರೆಯೇ ಅಪರಾಧ ಅಂತ ಮಾಡಿ ಜೈಲಿಗೆ ಹಾಕಿ ಅಂತ. ಎಲ್ಲರೂ ಸಹಿ ಹಾಕುತ್ತಿದ್ದಾರೆ. ಸಿಟ್ಟು ನನಗೂ ಇದೆ. ಆದರೆ ಇದಕ್ಕೆ ಖರ್ಚೆಷ್ಟು ಅಂತ ಕೇಳಿದ್ದಕ್ಕೆ ಎಲ್ಲರೂ ನನ್ನ ಮೇಲೆ ಬಿದ್ದರು. ಹಿಡಿಯೋಕೆ ಪೊಲೀಸ್ ಬೇಕು, ಕೇಸಿಗೆ ಕೋರ್ಟು ಬೇಕು, ಸರ್ಕಾರಿ ವಕೀಲರು ಬೇಕು, ಸಿಕ್ಕಿಬಿದ್ದವನು ಬಡವನಾದರೆ ಅವನಿಗೂ ಸರ್ಕಾರದ ಖರ್ಚಲ್ಲೇ ವಕೀಲ, ಆಮೇಲೆ ಜೈಲಿನ ಊಟ. ಕಾನೂನು ಮಾಡುವಾಗ ಯಾರಾದರೂ ಕೂತು ಇದನ್ನು ಲೆಕ್ಕ ಹಾಕುತ್ತಾರಾ, ಸುಮ್ನೆ ಪಾಸ್ ಮಾಡಿಬಿಡುತ್ತಾರಾ?

ಅಂಧೇರಿ_ಹೋಟೆಲ್:
ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಚೆಕ್ ಬೌನ್ಸ್ ನೋಡಿ ಮಾರಾಯ್ರೇ. ಮೊದಲೆಲ್ಲ ಹೆಚ್ಚಾಗಿ ಸಿವಿಲ್ ದಾವೆ ಹಾಕಿ ಕೂರಬೇಕಿತ್ತು. 1989ರ ಏಪ್ರಿಲ್‌ನಿಂದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಜಾರಿಗೆ ಬಂತು, ಚೆಕ್ ಬೌನ್ಸ್ ಕ್ರಿಮಿನಲ್ ಆಯ್ತು. ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಲೆಕ್ಕ ಹೀಗಿದೆ: 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ ಕ್ರಿಮಿನಲ್ ಕೇಸುಗಳು 2.31 ಕೋಟಿ, ಅದರಲ್ಲಿ 35 ಲಕ್ಷಕ್ಕೂ ಜಾಸ್ತಿ ಬರೀ ಚೆಕ್ಕಿನವು. ಏಳರಲ್ಲಿ ಒಂದಕ್ಕಿಂತ ಜಾಸ್ತಿ! ಆಮೇಲೆ 2022ರಲ್ಲಿ ಮಹಾರಾಷ್ಟ್ರ ಸೇರಿ ಐದು ರಾಜ್ಯಗಳಲ್ಲಿ ನಿವೃತ್ತ ಜಡ್ಜುಗಳನ್ನು ಕೂರಿಸಿ ಇದಕ್ಕೇ ಅಂತ ವಿಶೇಷ ಕೋರ್ಟು ಶುರು ಮಾಡಲು ಹೇಳಬೇಕಾಯಿತು. ಮೂವತ್ತು ವರ್ಷ ಆದ ಮೇಲೆ.

ಒಂದು ಪಾರ್ಟಿ ಕೇಟರಿಂಗ್ ಮಾಡಿಸಿಕೊಂಡು ಕೊಟ್ಟ ಚೆಕ್ಕು ಬೌನ್ಸ್ ಆಗಿ ನಾನೂ ಕೋರ್ಟಿಗೆ ಅಲೆದವನೇ. ಹಾಗಂತ 138 ಬೇಡ ಅನ್ನುವುದಿಲ್ಲ, ಅದರ ಹೆದರಿಕೆ ಇಲ್ಲದಿದ್ದರೆ ಅವನು ಫೋನೂ ಎತ್ತುತ್ತಿರಲಿಲ್ಲ. ಆದರೆ ಅಡುಗೆಯವನು ಒಬ್ಬನೇ ಇರುವಾಗ ಮೆನುವಿಗೆ ಹತ್ತು ಐಟಂ ಸೇರಿಸಿದರೆ ಟೇಬಲ್ಲಿನಲ್ಲಿ ಕೂತವರು ಕಾಯಲೇಬೇಕಲ್ಲ.

ಡೊಂಬಿವಲಿ_ಫಾಸ್ಟ್:
ಹಾಗಾದರೆ ಖರ್ಚಾಗುತ್ತದೆ ಅಂತ ಕಳ್ಳತನವನ್ನೂ ಬಿಟ್ಟುಬಿಡೋಣವಾ? ರಾಂಗ್ ಸೈಡಲ್ಲಿ ಬಂದವನು ಗುದ್ದಿ ಯಾರದೋ ಕಾಲು ಮುರಿದರೆ ಆಸ್ಪತ್ರೆ ಬಿಲ್ಲು, ಕೆಲಸ ಹೋಗಿದ್ದು, ಆ ಮನೆಯವರ ಪಾಡು, ಅದು ಖರ್ಚಲ್ವಾ? ಕಾನೂನು ಮಾಡುವುದರ ಖರ್ಚು ಮಾತ್ರ ಎಣಿಸಿ, ಮಾಡದೇ ಇರುವುದರ ಖರ್ಚು ಎಣಿಸದಿದ್ದರೆ ಅದು ಯಾವ ಲೆಕ್ಕ?

ಶಿವಾಜಿನಗರ_ವಕೀಲೆ:
ಡೊಂಬಿವಲಿಯವರ ಮಾತು ಸರಿ, ಎರಡೂ ಕಡೆ ಎಣಿಸಬೇಕು. ತೊಂದರೆ ಏನಂದರೆ ಈಗ ಒಂದು ಕಡೆಯೂ ಎಣಿಸುತ್ತಿಲ್ಲ. ಲೋಕಸಭೆಯ ನಿಯಮ 69ರ ಪ್ರಕಾರ ಖರ್ಚು ತರುವ ಮಸೂದೆಯ ಜೊತೆ ಹಣಕಾಸಿನ ಟಿಪ್ಪಣಿ ಇರಬೇಕು. ಆದರೆ ಅದು ನೋಡುವುದು ಕೇಂದ್ರದ ಬೊಕ್ಕಸವನ್ನು. ಅಪರಾಧ ಯಾವುದು ಅಂತ ದಿಲ್ಲಿಯಲ್ಲಿ ಬರೆಯಬಹುದು, ಪೊಲೀಸ್ ಮತ್ತು ಜೈಲು ಮಾತ್ರ ರಾಜ್ಯಗಳ ಪಟ್ಟಿಯಲ್ಲಿವೆ, ಕೆಳಗಿನ ಕೋರ್ಟುಗಳ ಖರ್ಚಿನ ದೊಡ್ಡ ಪಾಲೂ ರಾಜ್ಯದ್ದೇ. ಹೀಗಾಗಿ ಟಿಪ್ಪಣಿಯಲ್ಲಿ ಏನೂ ಕಾಣಿಸುವುದಿಲ್ಲ, ಬಿಲ್ಲು ಮುಂಬೈಗೆ ಬರುತ್ತದೆ.

ಇದು ಯಾರಿಗೂ ಹೊಳೆದಿಲ್ಲ ಅಂತಲ್ಲ. 2005ರ ಸೇಲಂ ವಕೀಲರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಮಾತಾಡಿತು. ನ್ಯಾಯಮೂರ್ತಿ ಜಗನ್ನಾಥ ರಾವ್ ಅವರ ಕಾರ್ಯಪಡೆ 2008ರಲ್ಲಿ ವರದಿಯನ್ನೂ ಕೊಟ್ಟಿತು: ಹೊಸ ಕಾನೂನಿನಿಂದ ಎಷ್ಟು ಕೇಸು ಬರಬಹುದು, ಅದಕ್ಕೆ ಎಷ್ಟು ಜಡ್ಜು, ಸಿಬ್ಬಂದಿ, ದುಡ್ಡು ಬೇಕು ಅಂತ ಮೊದಲೇ ಅಂದಾಜು ಮಾಡಿ ಅಂತ. ವರದಿ ಇದೆ, ಪದ್ಧತಿ ಬಂದಿಲ್ಲ. ಬಿಹಾರ 2016ರಲ್ಲಿ ಪಾನನಿಷೇಧ ತಂದಾಗ ಹೈಕೋರ್ಟ್ ಬೇಲ್ ಅರ್ಜಿಗಳಿಂದಲೇ ತುಂಬಿಹೋಯಿತು. ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ರಮಣ ಅವರು 2021ರಲ್ಲಿ ಇದನ್ನೇ ದೂರಾಲೋಚನೆ ಇಲ್ಲದ ಕಾನೂನಿಗೆ ಉದಾಹರಣೆಯಾಗಿ ಕೊಟ್ಟರು. 2022ರಲ್ಲಿ ತಿದ್ದುಪಡಿ ಮಾಡಿ, ಮೊದಲ ಸಲ ಕುಡಿದು ಸಿಕ್ಕವನು ದಂಡ ಕಟ್ಟಿ ಹೋಗಬಹುದು ಅಂದರು.

ಇನ್ನು ನಿಮ್ಮ ಅರ್ಜಿ. ಅದು ಕೇಳುತ್ತಿರುವ ಕಾನೂನು ಆಗಲೇ ಇದೆ! ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184, ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯಲ್ಲಿ ಎದುರು ದಿಕ್ಕಿನಲ್ಲಿ ಓಡಿಸುವುದನ್ನೂ ಅದಕ್ಕೆ ಸೇರಿಸಿದ್ದಾರೆ. ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ.

ವಾಸ್ಕೋ_ವಾಸಿ:
ಗೋವಾದ ಕಥೆಯೂ ಇದೇ. 2019ರಲ್ಲಿ ಬೀಚಲ್ಲಿ ಕುಡಿಯುವುದು, ಬಯಲಲ್ಲಿ ಅಡುಗೆ ಮಾಡುವುದು ನಿಷೇಧ ಅಂದರು. ಒಬ್ಬನಾದರೆ 2,000, ಗುಂಪಾದರೆ 10,000 ದಂಡ, ಕಟ್ಟದಿದ್ದರೆ ಜೈಲು. ಬಾಟಲಿ ಚೂರು ಇನ್ನೂ ಕಾಲಿಗೆ ಚುಚ್ಚುತ್ತಲೇ ಇದೆ. ಹಿಡಿಯುವವರೇ ಇಲ್ಲದಿದ್ದರೆ ದಂಡ ಎಷ್ಟಿದ್ದರೇನು?

ವಾಕಡ್_ಕನ್ನಡಿಗ:
184ರ ವಿಷಯ ಗ್ರೂಪಲ್ಲಿ ಹಾಕಿದೆ. ತಕ್ಷಣ ಒಬ್ಬರು "ಹಾಗಾದರೆ ಇನ್ನೂ ಕಠಿಣ ಮಾಡಿ" ಅಂದರು 😄 ಮೇಡಂ, ಮೊದಲೇ ಲೆಕ್ಕ ಹಾಕುವ ಊರು ಎಲ್ಲಾದರೂ ಇದೆಯಾ?

ಶಿವಾಜಿನಗರ_ವಕೀಲೆ:
ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿದೆ. ಜೈಲುವಾಸ ಹೆಚ್ಚಿಸುವ ಮಸೂದೆ ತಂದರೆ ಖರ್ಚಿನ ಅಂದಾಜು ಜೊತೆಗೇ ಬರಬೇಕು, ಅಂದಾಜು ಮಾಡಲು ಆಗದಿದ್ದರೆ ಕನಿಷ್ಠ 50,000 ಡಾಲರ್ ಅಂತ ಬರೆಯಲೇಬೇಕು. ಬ್ರಿಟನ್ನಿನಲ್ಲೂ ಹೊಸ ಅಪರಾಧ ತರುವ ಇಲಾಖೆ ಕೋರ್ಟು, ಜೈಲುಗಳ ಮೇಲೆ ಎಷ್ಟು ಹೊರೆ ಬೀಳುತ್ತದೆ ಅಂತ ಮೊದಲು ತೋರಿಸಬೇಕು. ನಮ್ಮಲ್ಲಿ ಜೈಲಿನೊಳಗಿರುವ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಅವರ ಊಟಕ್ಕೆ, ಕಾವಲಿಗೆ ದುಡ್ಡು ಕೊಡುತ್ತಿರುವುದು ನಾವೇ ಅಲ್ವಾ?

ಸಹಿ ಹಾಕುವ ಮೊದಲು ಒಂದು ಆರ್‌ಟಿಐ ಹಾಕಿ. ಕಳೆದ ವರ್ಷ ನಿಮ್ಮ ಕಡೆ 184ರಲ್ಲಿ ಎಷ್ಟು ಕೇಸು ದಾಖಲಾಯಿತು, ಎಷ್ಟು ಕೋರ್ಟಿಗೆ ಹೋಯಿತು, ಎಷ್ಟರಲ್ಲಿ ಶಿಕ್ಷೆ ಆಯಿತು ಅಂತ ಕೇಳಿ.

ಡೊಂಬಿವಲಿ_ಫಾಸ್ಟ್:
ಇದಕ್ಕೆ ನನ್ನದೂ ಒಪ್ಪಿಗೆ. ಕೇಸೇ ಹಾಕಿಲ್ಲ ಅಂತ ಉತ್ತರ ಬಂದರೆ ಅದನ್ನೇ ಅರ್ಜಿ ಮಾಡಿ, ಮೊದಲ ಸಹಿ ನಂದು.

ವಾಕಡ್_ಕನ್ನಡಿಗ:
10 ರೂಪಾಯಿ ತಾನೇ, ಹಾಕುತ್ತೇನೆ. ಮರಾಠಿಯಲ್ಲಿ ಚೆನ್ನಾಗಿ ಬರೆದುಕೊಡುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ.