ಜಮಖಂಡಿ ವೈನಿ, ಮೊಮ್ಮಗನ ಎಕ್ಸ್‌ರೇ ಬಗ್ಗೆ

ವೈನಿ, ನಿಮ್ಮ ಮೆಸೇಜ್ ಈಗ ನೋಡಿದ್ನಿ. ಡ್ಯೂಟಿ ಮುಗಿಸಿ ನವನಗರ ಬಸ್‌ಸ್ಟ್ಯಾಂಡಿಗೆ ನಡಕೋತ ಹೊಂಟೀನಿ, ಗದ್ದಲ ಕೇಳಸ್ತಿದ್ರ ಸ್ವಲ್ಪ ತಡಕೋರಿ. ಮೊಮ್ಮಗ ಟ್ರ್ಯಾಲಿ ಮ್ಯಾಲಿಂದ ಬಿದ್ದು ಮುಂಗೈ ಎಕ್ಸ್‌ರೇ ಆಗೇತಿ, ಆರು ವಾರಕ್ಕ ಮತ್ತೊಂದು ತಗಸ್ರಿ ಅಂದಾರ. ಅಷ್ಟರಾಗ ಯಾರೋ "ಎಕ್ಸ್‌ರೇದಿಂದ ಮಕ್ಕಳ ಜೀವಕೋಶ ಸಾಯ್ತಾವ" ಅಂತ ಕಳಿಸ್ಯಾರ, ನಿಮಗ ನಿದ್ದಿ ಇಲ್ಲ.

ಕೇಳ್ರಿ. ಆ ಕಿರಣ ಮೈಯಾಗ ಹಾಯುವಾಗ ಕೋಶದಾಗಿನ ನೀರು ಒಡೀತೈತಿ, ಆ ಚೂರು ಹೋಗಿ ಡಿಎನ್‌ಎಗೆ ಬಡೀತಾವ. ಇದು ಖರೇನ. ಆದ್ರ ಡಿಎನ್‌ಎ ಎಳಿ ದಿನಾ ಹರೀತಾವ, ನಾವು ಉಸಿರಾಡೂದರಿಂದನೂ ಹರೀತಾವ, ಕೋಶಾನ ಕುಂತು ಹೊಲಕೋತೈತಿ. ಬಹಳಷ್ಟು ಗಾಯ ಕೆಲವೇ ತಾಸಿನಾಗ ಮಾಯ್ತಾವ. ಡಿಎನ್‌ಎದ ಜೋಡಿ ಎಳಿ ಎರಡೂ ಒಂದ ಕಡೆ ಹರಿದ್ರ ಮಾತ್ರ ಹೊಲಿಗಿ ತಪ್ಪೂ ಹೆದರಿಕಿ. ಮುಂಗೈ ಎಕ್ಸ್‌ರೇದಾಗ ಮೈಗೆ ಬೀಳೂ ಕಿರಣ, ಮಣ್ಣು, ಕಲ್ಲು, ಆಕಾಶದಿಂದ ನಮಗೆಲ್ಲಾ ಒಂದು ದಿವಸದಾಗ ಸಿಗೂದಕ್ಕಿಂತ ಕಡಿಮಿ.

ಎಲ್ಲಾ ಅಂಗಕ್ಕೂ ಒಂದ ಲೆಕ್ಕ ಇಲ್ಲ, ಇದನ್ನ ಮಾತ್ರ ಮನಸಿನಾಗ ಇಟ್ಕೋರಿ. 1906ರಾಗ ಬೆರ್ಗೋನಿಯೇ, ತ್ರಿಬೊಂದೋ ಅಂತ ಇಬ್ಬರು ಫ್ರೆಂಚ್ ಡಾಕ್ಟರು ಕಂಡಿದ್ದು, ಬೇಗ ಬೇಗ ಒಡದು ಬೆಳಿಯೂ ಕೋಶಕ್ಕ ಪೆಟ್ಟು ಜಾಸ್ತಿ. ಎಳೆ ಜ್ವಾಳಕ್ಕ ಆಣಿಕಲ್ಲು ಬಿದ್ರ ಬೆಳಿ ಹೋಗ್ತೈತಿ, ಒಣಗಿದ ಕಣಕಿಗೆ ಏನಾಗೂದೈತಿ? ಎಲುಬಿನೊಳಗ ರಕ್ತ ಹುಟ್ಟೂ ಅಸ್ಥಿಮಜ್ಜಿ, ಕರುಳಿನ ಒಳಪದರ ಎಳೆ ಜ್ವಾಳ ಇದ್ದಂಗ. ನರ, ಸ್ನಾಯು ಗಟ್ಟಿ. ಮಕ್ಕಳ ಮೈ ಪೂರ್ತಿ ಬೆಳಿಯೂ ಮೈ, ಅದಕ್ಕ ಅವರ ವಿಷಯದಾಗ ಎಚ್ಚರಿಕಿ ಹೆಚ್ಚು. ಮಿಲಿಸೀವರ್ಟ್ ಅಂದ್ರ ಮೈಗೆ ಬಿದ್ದ ಕಿರಣದ ಅಳತಿ, ಅದು 100ರ ಒಳಗಿದ್ರ ಕ್ಯಾನ್ಸರ್ ಹೆಚ್ಚಾಗಿದ್ದು ಲೆಕ್ಕದಾಗ ಹಿಡಿಯೂದು ಬಹಳ ಕಷ್ಟ, ಆದ್ರೂ ಎಕ್ಸ್‌ರೇ ಕೆಲಸದವರು ನಾವು ಸಣ್ಣ ಡೋಸಿಗೂ ಸಣ್ಣ ಅಪಾಯ ಐತಿ ಅಂತ ತಿಳಕೊಂಡ ಕೆಲಸ ಮಾಡ್ತೀವಿ.

ನನಗ ಸಿಟ್ಟು ಬರೂದು ಬ್ಯಾಡಾದ ಸಿಟಿ ಸ್ಕ್ಯಾನಿಗೆ, ಅದ್ರಾಗೂ ಇದ ಕಿರಣ. ಹೋದ ವರ್ಷ ನಮ್ಮ ಮಗಳಿಗೆ ಹೊಟ್ಟಿ ನೋವು ಬಂದಾಗ ಒಂದು ದವಾಖಾನಿಯಾಗ ಸೋನೋಗ್ರಫಿ ಬಿಟ್ಟು ನೇರ ಸಿಟಿ ಮಾಡಿಬಿಟ್ರು, ನಾ ಡ್ಯೂಟಿ ಮ್ಯಾಲಿದ್ನಿ. ಹೊಟ್ಟಿ ಸಿಟಿ ಅಂದ್ರ ಸುಮಾರು 8 ಮಿಲಿಸೀವರ್ಟ್, ಮಣ್ಣು, ಕಲ್ಲು, ಆಕಾಶದಿಂದ ಮೂರು ವರ್ಷಕ್ಕ ಸಿಗೂದು ಒಮ್ಮೆಲೆ. ಸೋನೋಗ್ರಫಿಯಾಗ ಈ ಕಿರಣಾನ ಇರೂದಿಲ್ಲ. ಇವತ್ತಿಗೂ ಆ ಮಾತು ನನ್ನ ಎದಿಯಾಗ ಐತಿ.

ನಿಮ್ಮದು ಹಂಗಲ್ಲ ವೈನಿ. ಎಲುಬು ಸರಿ ಕೂಡೇತೋ ಇಲ್ಲೋ ನೋಡಾಕ ಬೇಕು, ತಗಸ್ರಿ. ಹಳೇ ಫಿಲ್ಮ್ ಒಯ್ರಿ. ಹುಡುಗ ಅಲುಗ್ಯಾಡಿದ್ರ ಮಸುಕ ಬಂದು ಇನ್ನೊಂದ್ಸಲ ತಗೀಬೇಕಾಗ್ತೈತಿ, ಮನಿಯಾಗ ಟೇಬಲ್ ಮ್ಯಾಲ ಅಂಗೈ ಚಾಚಿ ಹತ್ತು ಎಣಸೂ ಆಟ ಆಡಸ್ರಿ. ಹಿಡಿಯಾಕ ಸೊಸಿನ್ನ ಒಳಗ ಕಳಸಬ್ಯಾಡ್ರಿ, ಆಕಿ ಬಸುರಿ. ಅಣ್ಣಾ ಹೋಗ್ಲಿ, ಸೀಸದ ಅಪ್ರಾನ್ ಕೇಳಿ ಹಾಕ್ಕೊಳ್ಳಲಿ. ಬಸ್ ಬಂತು, ಹತ್ತತೀನಿ.