ಸಹಾಯ ಬೇಕು: ಫಾರಿನ್ ಸ್ಟೂಡೆಂಟ್ ಮಾಹಿತಿ ಸಲ್ಲಿಸೋದು ಹೇಗೆ?

ಎಲ್ರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಕಾಲೇಜಲ್ಲಿ ಆಫೀಸ್ ಕೆಲ್ಸ ನಂದು, ಮೊದಲ್ನೇ ಸಲ ತಾಂಜಾನಿಯಾದಿಂದ ಒಬ್ಬ ಹುಡುಗ ಸೇರಿದಾನೆ, ಇದನ್ನ ಮುಂಚೆ ಮಾಡಿದವ್ರು ಇಲ್ಲಿ ಯಾರೂ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರ ಹೊಸ ಕಾಯ್ದೆ ಬಂದಿದೆಯಲ್ಲ, ಅದ್ರ ಪ್ರಕಾರ ಕಾಲೇಜೂ ಮಾಹಿತಿ ಕೊಡ್ಬೇಕು, ಉಳ್ಕೊಳ್ಳೋಕೆ ಜಾಗ ಕೊಟ್ಟವ್ರೂ ಕೊಡ್ಬೇಕು.

ಹಾಸ್ಟೆಲ್ ಫುಲ್, ಶನಿವಾರ ಅವನು ವಿನೋಬನಗರದಲ್ಲಿ ಒಬ್ರು ಅಜ್ಜಿ ಮನೆ ಮಹಡಿ ರೂಮಿಗೆ ಹೋಗ್ತಾನೆ. ಹೋದ 24 ಗಂಟೆ ಒಳ್ಗೆ ಫಾರಂ 3 (ಮನೆಯಲ್ಲಿ ಉಳ್ಕೊಂಡ ವಿದೇಶಿಯರ ವಿವರ ಕೊಡೋ ಫಾರಂ, ಮುಂಚೆ ಫಾರಂ ಸಿ ಅಂತಿದ್ರು) ಅಜ್ಜಿ ಕಡೆಯಿಂದ ಆನ್‌ಲೈನಲ್ಲಿ ಹೋಗ್ಬೇಕು, ಅವರ ಹತ್ರ ಇರೋದು ಬಟನ್ ಫೋನು, ಮೇಲಾಗಿ ಪೊಲೀಸ್ ಅಂದ್ರೇ ಭಯ. "ನಮ್ಮನೆ ಹೆಸ್ರು ಸ್ಟೇಷನ್ನಿಗೆ ಯಾಕಪ್ಪ ಹೋಗ್ಬೇಕು" ಅಂತಾರೆ, ಪಾಪ. ಅವರಿಗೆ ಲಾಗಿನ್ ಮಾಡ್ಸಿ ಕೊಟ್ಟವ್ರು ಯಾರಾದ್ರೂ ಇದೀರಾ, ಮನೆ ದಾಖಲೆ ಏನೇನು ಕೇಳ್ತಾರೆ?

ಇನ್ನೊಂದು, ವೀಸಾ 180 ದಿನಕ್ಕಿಂತ ಜಾಸ್ತಿ ಇರೋದ್ರಿಂದ ಬಂದ 14 ದಿನದೊಳ್ಗೆ ಹುಡುಗನ ರಿಜಿಸ್ಟ್ರೇಷನ್ ಆಗ್ಬೇಕು. ಜಿಲ್ಲೆಯಲ್ಲಿ ಇದು ಎಸ್‌ಪಿ ಆಫೀಸಿನ ವ್ಯಾಪ್ತಿ. ಆದ್ರೆ ಬಸ್‌ಸ್ಟ್ಯಾಂಡಿಂದ ಜಡಿಮಳೇಲಿ ನೆಂದು ಬಂದು ಪಾಸ್‌ಪೋರ್ಟಲ್ಲಿ ಏರ್‌ಪೋರ್ಟ್ ಸೀಲಿನ ಶಾಯಿ ಹರಡಿಬಿಟ್ಟಿದೆ, ಸ್ಕ್ಯಾನ್ ಮಾಡಿದ್ರೆ ತಾರೀಖು 3ಓ 8ಓ ಗೊತ್ತಾಗ್ತಿಲ್ಲ. ಬೋರ್ಡಿಂಗ್ ಪಾಸ್ ಜೊತೆ ಹಾಕಿದ್ರೆ ಸಾಕಾ? ನಮ್ಮ ತಪ್ಪಿಂದ ಆ ಹುಡುಗನಿಗೆ ತೊಂದ್ರೆ ಆಗ್ಬಾರ್ದು, ಗೊತ್ತಿದ್ದವ್ರು ದಯವಿಟ್ಟು ಇವತ್ತೇ ತಿಳಿಸಿ.